ಕೆಲಸ ಬರುತ್ತದೆ ಎಂದು ಸಹಿ ಹಾಕುವವರು ಯಾರು? ಕೌಶಲ್ಯ ಪರೀಕ್ಷೆಯ 'ಅಸೆಸರ್' ಆಗುವುದು ಹೇಗೆ, ಕೆಲಸ ಏನು? ಇಲ್ಲಿದೆ ವಿವರ

ಕೊಚ್ಚಿ: ಕಾಳುಮೆಣಸು ಕೊಳ್ಳುವ ವ್ಯಾಪಾರಿ ಮಾರುವವರ ಮಾತನ್ನಷ್ಟೇ ನಂಬಿ ದುಡ್ಡು ಕೊಡುವುದಿಲ್ಲ. ಮೂಟೆಯಿಂದ ಮಾದರಿ ತೆಗೆದು, ಜೊಳ್ಳು ಎಷ್ಟಿದೆ, ತೇವ ಎಷ್ಟಿದೆ, ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ ಎಂದು ನೋಡಿದ ಮೇಲೆಯೇ ದರದ ಮಾತು. ಶತಮಾನಗಳಿಂದ ಸಾಂಬಾರ ಪದಾರ್ಥಗಳ ವ್ಯಾಪಾರಕ್ಕೆ ಹೆಸರಾದ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಇದು ಹಳೆಯ ರೂಢಿ. ಕಾಳುಮೆಣಸಿನ ವಾಯಿದಾ ವಹಿವಾಟಿಗೆಂದೇ 1957ರಲ್ಲಿ ಇಲ್ಲಿ ಸಂಘವೊಂದು ಹುಟ್ಟಿಕೊಂಡಿತ್ತು.

ಮೆಣಸಿಗೆ ದರ್ಜೆ ಇದೆ. ಆದರೆ ಅದೇ ಮೆಣಸನ್ನು ಜರಡಿ ಹಿಡಿದು ಹಸನು ಮಾಡುವ ಕಾರ್ಮಿಕರ ಕೈಕೆಲಸಕ್ಕೆ ದರ್ಜೆ ಕೊಡುವವರು ಯಾರು? ಪಕ್ಕದ ಫೋರ್ಟ್ ಕೊಚ್ಚಿಯ ಹೋಮ್‌ಸ್ಟೇಗಳಲ್ಲಿ ಅಡುಗೆ ಮಾಡುವವರು, ಮೀನು ಸಂಸ್ಕರಣಾ ಘಟಕಗಳಲ್ಲಿ ಸಿಗಡಿ ಸುಲಿಯುವವರು, ದೋಣಿಯ ಎಂಜಿನ್ ಬಿಚ್ಚಿ ಜೋಡಿಸುವವರು, ಇವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ, ಕೆಲಸ ಕಲಿತದ್ದು ಕೆಲಸದ ಜಾಗದಲ್ಲೇ. ಬೇರೆ ಊರಿಗೆ, ಬೇರೆ ದೇಶಕ್ಕೆ ಹೋದಾಗ 'ನನಗೆ ಈ ಕೆಲಸ ಬರುತ್ತದೆ' ಎಂದು ತೋರಿಸಲು ಅವರ ಬಳಿ ಕಾಗದ ಇರುವುದಿಲ್ಲ.

ಆ ಕಾಗದದ ಹಿಂದೆ ಇರುವ ವ್ಯಕ್ತಿಯೇ ಅಸೆಸರ್, ಅಂದರೆ ವೃತ್ತಿ ಕೌಶಲ್ಯದ ಮೌಲ್ಯಮಾಪಕ. ತರಬೇತಿ ಯೋಜನೆಗಳ ಬಗ್ಗೆ ಸಾಕಷ್ಟು ಸುದ್ದಿ ಬರುತ್ತದೆ. ಆದರೆ ತರಬೇತಿ ಮುಗಿದ ಮೇಲೆ ಬಂದು 'ಇವರು ಪಾಸ್, ಇವರಿಗೆ ಇನ್ನೂ ಅಭ್ಯಾಸ ಬೇಕು' ಎಂದು ಹೇಳುವವರ ಬಗ್ಗೆ ಮಾತು ಕಡಿಮೆ. ಈ ಕೆಲಸ ಏನು? ಯಾರು ಮಾಡಬಹುದು? ಅವರ ಒಂದು ಸಹಿಗೆ ಏಕೆ ಇಷ್ಟು ಬೆಲೆ?

ಅಸೆಸರ್ ಎಂದರೆ ಯಾರು?

ಸುಲಭವಾಗಿ ಹೇಳಬೇಕೆಂದರೆ ಡ್ರೈವಿಂಗ್ ಸ್ಕೂಲ್ ಮತ್ತು ಆರ್‌ಟಿಒ ಕಚೇರಿಯನ್ನು ನೆನಪಿಸಿಕೊಳ್ಳಿ. ಕಾರು ಓಡಿಸಲು ಕಲಿಸುವವರು ಡ್ರೈವಿಂಗ್ ಸ್ಕೂಲ್‌ನವರು. ಆದರೆ ಲೈಸೆನ್ಸ್ ಕೊಡಬೇಕೋ ಬೇಡವೋ ಎಂದು ಪರೀಕ್ಷಿಸುವವರು ಮೋಟಾರು ವಾಹನ ನಿರೀಕ್ಷಕರು. ಕಲಿಸಿದವರೇ ಪಾಸ್ ಮಾಡುವಂತಿದ್ದರೆ ಲೈಸೆನ್ಸ್‌ಗೆ ಬೆಲೆ ಇರುತ್ತಿರಲಿಲ್ಲ.

ಕೌಶಲ್ಯ ತರಬೇತಿಯಲ್ಲೂ ಇದೇ ಲೆಕ್ಕ. ತರಬೇತಿ ಕೇಂದ್ರ ಕಲಿಸುತ್ತದೆ. ಪರೀಕ್ಷೆ ನಡೆಸಲು ಬೇರೊಂದು ಸಂಸ್ಥೆ ಇರುತ್ತದೆ, ಅದನ್ನು ಅಸೆಸ್‌ಮೆಂಟ್ ಏಜೆನ್ಸಿ ಎನ್ನುತ್ತಾರೆ. ಪ್ರಮಾಣಪತ್ರ ಕೊಡುವುದು ಮೂರನೇ ಸಂಸ್ಥೆ, ಅದು ಅವಾರ್ಡಿಂಗ್ ಬಾಡಿ. ಅಸೆಸರ್ ಬರುವುದು ಏಜೆನ್ಸಿಯ ಪರವಾಗಿ. ಅಭ್ಯರ್ಥಿಯ ಮುಂದೆ ನಿಂತು, ಕೆಲಸ ಮಾಡಿಸಿ ನೋಡಿ, ಅಂಕ ಕೊಡುವವರು ಅವರೇ.

ಶಾಲೆಯ ಪರೀಕ್ಷೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಶಾಲೆಯಲ್ಲಿ ಎಷ್ಟು ಗೊತ್ತಿದೆ ಎಂದು ಕೇಳುತ್ತಾರೆ. ಇಲ್ಲಿ ಏನು ಮಾಡಲು ಬರುತ್ತದೆ ಎಂದು ನೋಡುತ್ತಾರೆ. ವೈರಿಂಗ್ ಬಗ್ಗೆ ಎರಡು ಪುಟ ಬರೆದವರಿಗಿಂತ, ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್‌ನಲ್ಲಿ ಪರೀಕ್ಷಿಸಿ, ಆಮೇಲೆ ತಂತಿ ಮುಟ್ಟುವವರಿಗೇ ಇಲ್ಲಿ ಹೆಚ್ಚು ಅಂಕ.

ಈ ವ್ಯವಸ್ಥೆ ಬಂದದ್ದು ಹೇಗೆ?

ಐಟಿಐಗಳ ಟ್ರೇಡ್ ಪರೀಕ್ಷೆ ದೇಶದಲ್ಲಿ ಹಳೆಯದು. ಆದರೆ ಐಟಿಐ ಮೆಟ್ಟಿಲು ಹತ್ತದೆ ಕೆಲಸ ಕಲಿತವರನ್ನೂ ಅಳೆಯಲು ಒಂದು ಸಾಮಾನ್ಯ ಅಳತೆಗೋಲು ಇರಲಿಲ್ಲ. ಆ ಕೊರತೆ ತುಂಬಲು 2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು, ಅಂದರೆ ಎನ್‌ಎಸ್‌ಕ್ಯೂಎಫ್ ಅನ್ನು ಪ್ರಕಟಿಸಿತು. ಮೊದಲು ಇದರಲ್ಲಿ 10 ಹಂತಗಳಿದ್ದವು. 2023ರ ಪರಿಷ್ಕರಣೆಯ ನಂತರ 8 ಹಂತಗಳಾಗಿವೆ. ಯಾರೋ ಹೇಳಿದಂತೆ ಸರಳ ಕೆಲಸ ಮಾಡುವುದು ಕೆಳಗಿನ ಹಂತ. ಸ್ವತಃ ನಿರ್ಧಾರ ತೆಗೆದುಕೊಂಡು ಇತರರ ಕೆಲಸದ ಹೊಣೆಯನ್ನೂ ಹೊರುವುದು ಮೇಲಿನ ಹಂತ.

2015ರ ಜುಲೈ 15ರಂದು ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆ ಆರಂಭವಾದಾಗ ಲಕ್ಷಾಂತರ ಮಂದಿಗೆ ಪರೀಕ್ಷೆ ನಡೆಸುವ ಅಗತ್ಯ ಬಿತ್ತು. ಒಮ್ಮೆಲೇ ದೇಶದ ಎಲ್ಲೆಡೆ ಅಸೆಸರ್‌ಗಳು ಬೇಕಾದರು. ಈ ಕ್ಷೇತ್ರಕ್ಕೆ ನಿಯಂತ್ರಕರು ಬೇಕು ಎಂಬ ಕಾರಣಕ್ಕೆ 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಮಂಡಳಿ, ಎನ್‌ಸಿವಿಇಟಿ, ರಚನೆಯ ಅಧಿಸೂಚನೆ ಹೊರಬಿತ್ತು. ಮಂಡಳಿ 2020ರ ಆಗಸ್ಟ್‌ನಿಂದ ಕಾರ್ಯಾರಂಭ ಮಾಡಿತು. ಯಾವ ಏಜೆನ್ಸಿ ಪರೀಕ್ಷೆ ನಡೆಸಬಹುದು, ಯಾವ ಸಂಸ್ಥೆ ಪ್ರಮಾಣಪತ್ರ ಕೊಡಬಹುದು ಎಂಬ ಮಾನ್ಯತೆ ಈಗ ಎನ್‌ಸಿವಿಇಟಿ ಕೈಯಲ್ಲಿದೆ.

ಕೇರಳದಲ್ಲಿ ಯಾರ್ಯಾರು ಇದ್ದಾರೆ?

ಕೇರಳದಲ್ಲಿ ಕೌಶಲ್ಯ ತರಬೇತಿಯ ಆಡಳಿತ ನಡೆಯುವುದು ತಿರುವನಂತಪುರದಿಂದ. ಕಾರ್ಮಿಕ ಮತ್ತು ಕೌಶಲ್ಯ ಇಲಾಖೆಯ ಅಡಿಯಲ್ಲಿ 2012ರಲ್ಲಿ ಶುರುವಾದ ಕೇರಳ ಅಕಾಡೆಮಿ ಫಾರ್ ಸ್ಕಿಲ್ಸ್ ಎಕ್ಸಲೆನ್ಸ್ ರಾಜ್ಯದ ಕೌಶಲ್ಯ ಯೋಜನೆಗಳನ್ನು ನೋಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಉನ್ನತ ಶಿಕ್ಷಣ ಇಲಾಖೆಯಿಂದ ಆರಂಭವಾದ ಎಎಸ್‌ಎಪಿ ಇಂದು ಕಂಪನಿಯಾಗಿದ್ದು, ಎನ್‌ಸಿವಿಇಟಿ ಮಾನ್ಯತೆಯನ್ನೂ ಪಡೆದಿದೆ. ಗ್ರಾಮೀಣ ಯುವಜನರ ತರಬೇತಿ ಯೋಜನೆಯಾದ ಡಿಡಿಯು-ಜಿಕೆವೈ ಇಲ್ಲಿ ಕುಟುಂಬಶ್ರೀ ಮೂಲಕ ಜಾರಿಯಾಗುತ್ತದೆ.

ಎಎಸ್‌ಎಪಿಯ ಸ್ಕಿಲ್ ಪಾರ್ಕ್‌ಗಳು ಕೊಚ್ಚಿಯ ಕಳಮಶ್ಶೇರಿ, ತಿರುವನಂತಪುರದ ಕಳಕ್ಕೂಟಂ ಮತ್ತು ವಿಳಿಂಜಂ ಸೇರಿದಂತೆ ಹಲವೆಡೆ ಇವೆ. ಕನ್ನಡಿಗರಿಗೆ ಹತ್ತಿರದ್ದು ಕಾಸರಗೋಡಿನ ವಿದ್ಯಾನಗರದಲ್ಲಿರುವ ಪಾರ್ಕ್. 2025ರ ಮೇ 2ರಂದು ಲೋಕಾರ್ಪಣೆಯಾದ ವಿಳಿಂಜಂ ಬಂದರಿನಲ್ಲಿ ಸ್ಥಳೀಯ ಮೀನುಗಾರ ಕುಟುಂಬಗಳ ಮಹಿಳೆಯರೂ ತರಬೇತಿ ಪಡೆದು, ನಿಯಂತ್ರಣ ಕೊಠಡಿಯಲ್ಲಿ ಕುಳಿತು ಯಾರ್ಡ್ ಕ್ರೇನ್‌ಗಳನ್ನು ನಿರ್ವಹಿಸುತ್ತಿದ್ದಾರೆ. ಟನ್‌ಗಟ್ಟಲೆ ತೂಕದ ಕಂಟೇನರ್ ಎತ್ತುವ ಕೆಲಸದಲ್ಲಿ 'ಬರುತ್ತದೆ' ಮತ್ತು 'ಬರುವುದಿಲ್ಲ' ನಡುವಿನ ಅಂತರ ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ಯಾರು ಅಸೆಸರ್ ಆಗಬಹುದು?

'ಅಸೆಸರ್' ಎಂಬ ಒಂದೇ ಪದವಿ ಇಟ್ಟುಕೊಂಡು ಎಲ್ಲ ಕೆಲಸಗಳ ಪರೀಕ್ಷೆ ನಡೆಸಲು ಬರುವುದಿಲ್ಲ. ಎಲೆಕ್ಟ್ರಿಷಿಯನ್ ಪರೀಕ್ಷೆಗೆ ಆ ಕ್ಷೇತ್ರದವರು, ಅಡುಗೆಯ ಪರೀಕ್ಷೆಗೆ ಹೋಟೆಲ್ ಕ್ಷೇತ್ರದವರೇ ಬೇಕು. ಪ್ರತಿ ಕೋರ್ಸ್‌ನ ಪಠ್ಯಕ್ರಮ ದಾಖಲೆಯ ಕೊನೆಯಲ್ಲಿ ಅದರ ಅಸೆಸರ್‌ಗೆ ಏನು ಓದಿರಬೇಕು, ಎಷ್ಟು ವರ್ಷ ಆ ಉದ್ಯಮದಲ್ಲಿ ಕೆಲಸ ಮಾಡಿರಬೇಕು ಎಂದು ಬರೆದಿರುತ್ತದೆ. ಓದು ಹೆಚ್ಚಿದ್ದರೆ ಅನುಭವ ಕಡಿಮೆ ಸಾಕು, ಓದು ಕಡಿಮೆ ಇದ್ದರೆ ಅನುಭವ ಹೆಚ್ಚು ಬೇಕು ಎಂಬುದು ಸಾಮಾನ್ಯ ಸೂತ್ರ.

ಹಂತಗಳು ಹೀಗಿವೆ:

- ಮೊದಲು ನಿಮ್ಮ ಕೆಲಸಕ್ಕೆ ಹೊಂದುವ ಕೋರ್ಸ್ ಯಾವುದು ಎಂದು ಗುರುತಿಸಿ. ಅದರ ದಾಖಲೆಯನ್ನು ಕ್ವಾಲಿಫಿಕೇಷನ್ ಪ್ಯಾಕ್ ಎನ್ನುತ್ತಾರೆ. ಇದು ಎಲ್ಲರಿಗೂ ಆನ್‌ಲೈನ್‌ನಲ್ಲಿ ಸಿಗುತ್ತದೆ.
- ಓದು ಮತ್ತು ಅನುಭವದ ಅರ್ಹತೆ ಇದ್ದರೆ, ಸಂಬಂಧಪಟ್ಟ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಥವಾ ಅವಾರ್ಡಿಂಗ್ ಬಾಡಿ ನಡೆಸುವ ಅಸೆಸರ್ ತರಬೇತಿಗೆ ಅರ್ಜಿ ಹಾಕಬೇಕು.
- ತರಬೇತಿಯಲ್ಲಿ ಎರಡು ಭಾಗ. ಒಂದು, ನಿಮ್ಮ ಕೆಲಸದ ಜ್ಞಾನ. ಇನ್ನೊಂದು, ಪರೀಕ್ಷೆ ನಡೆಸುವ ವಿಧಾನ. ಹೆಚ್ಚಿನ ಕೋರ್ಸ್‌ಗಳಲ್ಲಿ ಎರಡರಲ್ಲೂ ಕನಿಷ್ಠ ಶೇ 80 ಅಂಕ ಕೇಳುತ್ತಾರೆ.
- ಪಾಸಾದವರು ಮಾನ್ಯತೆ ಪಡೆದ ಅಸೆಸ್‌ಮೆಂಟ್ ಏಜೆನ್ಸಿಯಲ್ಲಿ ಹೆಸರು ನೋಂದಾಯಿಸಬೇಕು. ಹೆಸರು ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿಯೂ ಇರಬೇಕಾಗುತ್ತದೆ. ಈ ಪೋರ್ಟಲ್ ಆರಂಭವಾದದ್ದು 2023ರ ಸೆಪ್ಟೆಂಬರ್‌ನಲ್ಲಿ.
- ಅಸೆಸರ್ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಅದು ಮುಗಿದರೆ ನವೀಕರಣ ಮಾಡಿಸಿಕೊಳ್ಳಬೇಕು.

ಗಮನಿಸಬೇಕಾದ ಅಂಶವೆಂದರೆ, ಒಬ್ಬ ಅಭ್ಯರ್ಥಿ ಪಾಸಾಗಲು ಹಲವು ಕೋರ್ಸ್‌ಗಳಲ್ಲಿ ಶೇ 70 ಅಂಕ ಸಾಕು. ಆದರೆ ಅವರನ್ನು ಅಳೆಯುವವರಿಗೆ ಶೇ 80 ಬೇಕು. ಚಿನ್ನ ಉಜ್ಜಿ ನೋಡುವ ಒರೆಗಲ್ಲೇ ಸರಿಯಿಲ್ಲದಿದ್ದರೆ ಆಭರಣವನ್ನು ದೂರಿ ಫಲವಿಲ್ಲ.

ಪರೀಕ್ಷೆಯ ದಿನ ಏನು ನಡೆಯುತ್ತದೆ?

ಮಟ್ಟಾಂಚೇರಿಯ ಗೋದಾಮೊಂದರಲ್ಲಿ ಸಾಂಬಾರ ಪದಾರ್ಥ ಸಂಸ್ಕರಣೆಯ ಕೆಲಸಗಾರರಿಗೆ ಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಏಜೆನ್ಸಿಯಿಂದ ಅಸೆಸರ್‌ಗೆ ಸೂಚನೆ ಬರುತ್ತದೆ. ಅವರು ಆ ಗೋದಾಮಿನ ನೌಕರರಾಗಿರಬಾರದು, ಅಲ್ಲಿ ತರಬೇತಿ ಕೊಟ್ಟವರೂ ಆಗಿರಬಾರದು.

ಬಂದವರು ಮೊದಲು ನೋಡುವುದು ಅಭ್ಯರ್ಥಿಗಳ ಗುರುತು ಮತ್ತು ಹಾಜರಿ. ಆಮೇಲೆ ಪರೀಕ್ಷೆಗೆ ಬೇಕಾದ ಸಾಮಗ್ರಿ ಇದೆಯೇ ಎಂದು ಪರಿಶೀಲಿಸುತ್ತಾರೆ. ಜರಡಿ, ತಕ್ಕಡಿ, ತೇವ ಅಳೆಯುವ ಸಾಧನ, ಕೈಗವಸು, ತಲೆಗೆ ಹಾಕುವ ಟೋಪಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯಂತ್ರವೇ ಇಲ್ಲದ ಕಡೆ ಯಂತ್ರದ ಪರೀಕ್ಷೆ ನಡೆಸಿದೆ ಎಂದು ಬರೆಯುವಂತಿಲ್ಲ. ಪರೀಕ್ಷೆ ಅದೇ ಜಾಗದಲ್ಲಿ ನಡೆದದ್ದಕ್ಕೆ ಸ್ಥಳ ಮತ್ತು ಸಮಯ ದಾಖಲಾಗುವ ಫೋಟೊ, ವಿಡಿಯೊ ತೆಗೆಯಬೇಕು.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೂರು ಭಾಗ: ಲಿಖಿತ ಅಥವಾ ಟ್ಯಾಬ್ಲೆಟ್‌ನಲ್ಲಿ ಉತ್ತರಿಸುವ ಪ್ರಶ್ನೆಗಳು, ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ, ಮುಖಾಮುಖಿ ಪ್ರಶ್ನೋತ್ತರ. ಯಾವುದಕ್ಕೆ ಎಷ್ಟು ಅಂಕ ಎಂಬುದು ಅಸೆಸರ್ ಇಷ್ಟಕ್ಕೆ ಬಿಟ್ಟದ್ದಲ್ಲ. ಕ್ವಾಲಿಫಿಕೇಷನ್ ಪ್ಯಾಕ್‌ನಲ್ಲಿ ಕೆಲಸವನ್ನು ಮೊದಲು ಕೆಲವು ಮಾನದಂಡಗಳಾಗಿ ಒಡೆದಿರುತ್ತಾರೆ. ಪ್ರತಿ ಮಾನದಂಡವನ್ನು ಮತ್ತೆ ಸಣ್ಣ ಸಣ್ಣ ಕ್ರಿಯೆಗಳಾಗಿ ಬಿಡಿಸಿರುತ್ತಾರೆ. ಕೆಲಸ ಶುರು ಮಾಡುವ ಮುನ್ನ ಕೈ ತೊಳೆದರೇ? ಕಚ್ಚಾ ಸರಕಿನ ಗುಣಮಟ್ಟ ನೋಡಿದರೇ? ಯಂತ್ರ ನಿಲ್ಲಿಸಿದ ಮೇಲೆಯೇ ಸ್ವಚ್ಛ ಮಾಡಿದರೇ? ಇಂಥ ಒಂದೊಂದಕ್ಕೂ ಅಂಕ ಇದೆ.

ಪರೀಕ್ಷೆ ಮುಗಿದ ಮೇಲೆ ಅಂಕ ಮತ್ತು ಸಾಕ್ಷ್ಯಗಳು ಏಜೆನ್ಸಿ ಮೂಲಕ ಅವಾರ್ಡಿಂಗ್ ಬಾಡಿಗೆ ಹೋಗುತ್ತವೆ. ಅಲ್ಲಿ ಪರಿಶೀಲನೆಯಾದ ನಂತರವೇ ಫಲಿತಾಂಶ. ಪರೀಕ್ಷೆಯ ಜಾಗದಲ್ಲೇ ಫಲಿತಾಂಶ ಹೇಳುವುದು ಅಸೆಸರ್ ಕೆಲಸವಲ್ಲ.

ನೋಡಬೇಕಾದದ್ದು ಏನು?

ಚೆನ್ನಾಗಿ ಕೆಲಸ ಮಾಡಲು ಬರುವವರೆಲ್ಲ ಚೆನ್ನಾಗಿ ಪರೀಕ್ಷೆ ನಡೆಸುತ್ತಾರೆ ಎಂದೇನೂ ಇಲ್ಲ. ಅನುಭವಿ ಮೇಸ್ತ್ರಿಯೊಬ್ಬರಿಗೆ ಹುಡುಗ ತಪ್ಪು ಮಾಡುತ್ತಿರುವುದು ಕಂಡ ಕೂಡಲೇ 'ಹಾಗಲ್ಲ, ಹೀಗೆ' ಎಂದು ಕೈ ಹಿಡಿದು ತೋರಿಸುವ ಅಭ್ಯಾಸ ಇರುತ್ತದೆ. ಅಸೆಸರ್ ಆದವರು ಅದನ್ನು ಮಾಡುವಂತಿಲ್ಲ. ಅಪಾಯ ಇದ್ದರೆ ತಕ್ಷಣ ಕೆಲಸ ನಿಲ್ಲಿಸಬೇಕು. ಇಲ್ಲದಿದ್ದರೆ ಸುಮ್ಮನಿದ್ದು ನೋಡಬೇಕು.

ಪ್ರಶ್ನೆ ಕೇಳುವುದರಲ್ಲೂ ಎಚ್ಚರ ಬೇಕು. 'ತೇವ ಜಾಸ್ತಿ ಇದ್ದರೆ ಬೂಸ್ಟು ಬರುತ್ತದೆ, ಅಲ್ಲವೇ?' ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ. 'ಈ ಮೂಟೆಯನ್ನು ಇವತ್ತೇ ಕಟ್ಟಿಡಬಹುದೇ? ಏಕೆ?' ಎಂದು ಕೇಳಿದರೆ ಗೊತ್ತಿದ್ದವರು ಒಂದು ಹಿಡಿ ತೆಗೆದು ನೋಡಿ ಉತ್ತರ ಹೇಳುತ್ತಾರೆ. ಮೊದಲನೆಯದರಲ್ಲಿ ಉತ್ತರ ಅಸೆಸರ್‌ದು, ಎರಡನೆಯದರಲ್ಲಿ ಅಭ್ಯರ್ಥಿಯದು.

ಜಗತ್ತಿನ ಬಹುತೇಕ ಕಡೆ ಅಸೆಸರ್‌ಗಳಿಗೆ ಕಲಿಸುವ ನಾಲ್ಕು ಪ್ರಶ್ನೆಗಳಿವೆ. ನೋಡಿದ್ದು ಪರೀಕ್ಷಿಸಬೇಕಾದ ಕೆಲಸವನ್ನೇ? ಅದನ್ನು ಮಾಡಿದ್ದು ಇದೇ ಅಭ್ಯರ್ಥಿಯೇ? ಒಮ್ಮೆ ಅದೃಷ್ಟಕ್ಕೆ ಸರಿಯಾಯಿತೋ, ನಂಬುವಷ್ಟು ಸಾಕ್ಷ್ಯ ಇದೆಯೋ? ಈ ಕೌಶಲ್ಯ ಈಗಲೂ ಇದೆಯೋ, ಹತ್ತು ವರ್ಷದ ಹಿಂದಿನದೋ? ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಮಾತ್ರ ಸಹಿ.

ಭಾಷೆಯೂ ಒಂದು ಪರೀಕ್ಷೆ

ಕೊಚ್ಚಿಯಲ್ಲಿ ಕೆಲಸ ಮಾಡುವವರೆಲ್ಲ ಮಲಯಾಳಿಗಳಲ್ಲ. ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರದಿಂದ ಬಂದ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮಟ್ಟಾಂಚೇರಿಯೊಂದರಲ್ಲೇ ಕೊಂಕಣಿ, ಗುಜರಾತಿ, ತಮಿಳು ಮಾತನಾಡುವ ಹಳೆಯ ಸಮುದಾಯಗಳಿವೆ. ಉತ್ತರದ ಕಾಸರಗೋಡಿನಲ್ಲಿ ಕನ್ನಡ, ತುಳು ಮನೆಮಾತಿನವರು ಇದ್ದಾರೆ.

ಇಂಥ ಕಡೆ ಪ್ರಶ್ನೆಪತ್ರಿಕೆ ಅರ್ಥವಾಗದೆ ನಪಾಸಾದರೆ, ಅಳೆದದ್ದು ಕೌಶಲ್ಯವನ್ನಲ್ಲ, ಭಾಷೆಯನ್ನು. ಆದ್ದರಿಂದಲೇ ಸ್ಥಳೀಯ ಭಾಷೆ ಬಲ್ಲ ಅಸೆಸರ್‌ಗಳಿಗೆ ಬೇಡಿಕೆ. ಮಂಜೇಶ್ವರದ ಹುಡುಗಿಯೊಬ್ಬಳು ಹೊಲಿಗೆಯ ಪರೀಕ್ಷೆಗೆ ಕುಳಿತಾಗ, 'ಕಾಜ' ಎಂದರೆ ಅರ್ಥವಾಗುತ್ತದೆ, 'ಬಟನ್‌ಹೋಲ್' ಎಂದರೆ ತಡವರಿಸಬಹುದು. ಎರಡೂ ಒಂದೇ ಎಂದು ಗೊತ್ತಿರುವವರು ಎದುರಿಗಿದ್ದರೆ ಅವಳ ಒಂದು ವರ್ಷ ಉಳಿಯುತ್ತದೆ. ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲ, ಉದ್ಯಮದ ಅನುಭವ ಇರುವ ಗಡಿನಾಡಿನವರಿಗೆ ಈ ಕೆಲಸದಲ್ಲಿ ಅನುಕೂಲ ಹೆಚ್ಚು.

ಹಳೆಯ ಅನುಭವಕ್ಕೆ ಹೊಸ ಕಾಗದ

ಅಸೆಸರ್ ಕೆಲಸ ಅತ್ಯಂತ ಸೂಕ್ಷ್ಮವಾಗುವುದು ಆರ್‌ಪಿಎಲ್ ಪರೀಕ್ಷೆಯಲ್ಲಿ. ಈಗಾಗಲೇ ಕೆಲಸ ಬಲ್ಲವರನ್ನು ಮತ್ತೆ ತಿಂಗಳುಗಟ್ಟಲೆ ತರಗತಿಯಲ್ಲಿ ಕೂರಿಸದೆ, ಚಿಕ್ಕ ಮಾರ್ಗದರ್ಶನ ಕೊಟ್ಟು, ನೇರವಾಗಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ಇದು. ಕೆಲಸದ ಜಾಗದಲ್ಲೇ ಇದನ್ನು ನಡೆಸಲು ಅವಕಾಶ ಇದೆ.

ಇಲ್ಲಿ ಎದುರಿಗಿರುವವರು ಅಸೆಸರ್‌ಗಿಂತ ಹಿರಿಯರಿರಬಹುದು, ಅಸೆಸರ್‌ಗಿಂತ ಹೆಚ್ಚು ಕೆಲಸ ಬಲ್ಲವರೂ ಇರಬಹುದು. ಇಪ್ಪತ್ತು ವರ್ಷ ಮೆಣಸು ಹಸನು ಮಾಡಿದವರ ಕೈಗೆ ತೇವ ಎಷ್ಟಿದೆ ಎಂಬುದು ಮುಟ್ಟಿದಾಗಲೇ ಗೊತ್ತಾಗುತ್ತದೆ. ಆದರೆ ಟ್ಯಾಬ್ಲೆಟ್ ಪರದೆ ಮುಂದೆ ಅದೇ ಕೈ ನಡುಗುತ್ತದೆ. ಇನ್ನೊಂದೆಡೆ, ಇಪ್ಪತ್ತು ವರ್ಷದ ಅನುಭವದ ಜತೆಗೇ ಇಪ್ಪತ್ತು ವರ್ಷದ ತಪ್ಪು ಅಭ್ಯಾಸಗಳೂ ಬಂದಿರಬಹುದು. ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟದಿರುವುದು, ಓಡುತ್ತಿರುವ ಯಂತ್ರಕ್ಕೆ ಕೈ ಹಾಕುವುದು ಇತ್ಯಾದಿ. ಹಿರಿತನಕ್ಕೆ ಗೌರವ ಕೊಟ್ಟೇ ಈ ತಪ್ಪುಗಳಿಗೆ ಅಂಕ ಕಳೆಯಬೇಕು.

ಹಡಗುಕಟ್ಟೆಯ ಮಾದರಿ

ಮಟ್ಟಾಂಚೇರಿಯಿಂದ ಹಿನ್ನೀರಿನ ಆಚೆ ದಡದಲ್ಲಿರುವುದು ಕೊಚ್ಚಿನ್ ಶಿಪ್‌ಯಾರ್ಡ್. 1972ರಲ್ಲಿ ಶಂಕುಸ್ಥಾಪನೆಯಾದ ಈ ಹಡಗುಕಟ್ಟೆಯಲ್ಲೇ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ ಸಿದ್ಧವಾಗಿ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿತು. ಐಟಿಐ ಮುಗಿಸಿದವರನ್ನು ಇಲ್ಲಿ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತಾರೆ.

ಹಡಗು ಕಟ್ಟುವ ಉದ್ಯಮದಲ್ಲಿ ವೆಲ್ಡರ್ ಒಬ್ಬರಿಗೆ ಐಟಿಐ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಹಡಗಿನ ಒಡಲಿಗೆ ಬೆಸುಗೆ ಹಾಕಲು ಬಿಡುವುದಿಲ್ಲ. ತುಂಡು ತಗಡುಗಳನ್ನು ಬೆಸೆಯಲು ಕೊಟ್ಟು, ಆ ಬೆಸುಗೆಯನ್ನು ಬಗ್ಗಿಸಿ ಅಥವಾ ಎಕ್ಸ್‌ರೇ ತೆಗೆದು, ಒಳಗೆ ಬಿರುಕು, ಗುಳ್ಳೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಇಲ್ಲಿ ವೆಲ್ಡರ್ ಬಗ್ಗೆ ಯಾರ ಅಭಿಪ್ರಾಯವೂ ಬೇಡ, ಬೆಸುಗೆಯೇ ಹೇಳುತ್ತದೆ. ಎಲ್ಲ ಕೆಲಸಗಳಲ್ಲೂ ಇಷ್ಟು ಸ್ಪಷ್ಟ ಸಾಕ್ಷ್ಯ ಸಿಗುವುದಿಲ್ಲ. ಹೋಮ್‌ಸ್ಟೇಯಲ್ಲಿ ಅತಿಥಿಗಳ ಜತೆ ನಡೆದುಕೊಳ್ಳುವ ರೀತಿಗೆ ಎಕ್ಸ್‌ರೇ ಇಲ್ಲ. ಅಲ್ಲಿ ಅಸೆಸರ್ ಕಣ್ಣು ಮತ್ತು ಪ್ರಾಮಾಣಿಕತೆಯೇ ಆಧಾರ.

ಅಪ್ರೆಂಟಿಸ್‌ಗಳಿಗೆ 1961ರ ಅಪ್ರೆಂಟಿಸ್ ಕಾಯ್ದೆ ಅನ್ವಯ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಗೊತ್ತುಪಡಿಸಿದ ಟ್ರೇಡ್‌ಗಳಲ್ಲಿ ಅವಧಿ ಮುಗಿಸಿದವರು ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ.

ಒಂದು ಸಹಿ, ಅದರ ಹಿಂದಿನ ದುಡ್ಡು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಸೆಸರ್ ಮೇಲೆ ಒತ್ತಡ ಬರುವುದು ಏಕೆ?

ಕೌಶಲ್ಯ ಯೋಜನೆಗಳಿಗಾಗಿ ಕೇಂದ್ರ 2015ರ ಜುಲೈನಲ್ಲಿ ಪ್ರಕಟಿಸಿದ ಸಾಮಾನ್ಯ ಮಾನದಂಡಗಳ ಪ್ರಕಾರ, ತರಬೇತಿ ಸಂಸ್ಥೆಗೆ ಸಿಗುವ ಹಣ ಮೂರು ಕಂತುಗಳಲ್ಲಿ ಬರುತ್ತದೆ. ತರಬೇತಿ ಶುರುವಾದಾಗ ಶೇ 30. ಅಭ್ಯರ್ಥಿ ಪಾಸಾಗಿ ಪ್ರಮಾಣಪತ್ರ ಪಡೆದಾಗ ಶೇ 50. ಉದ್ಯೋಗ ಸಿಕ್ಕ ಮೇಲೆ ಶೇ 20. ಅಂದರೆ ಅರ್ಧದಷ್ಟು ದುಡ್ಡು ನಿಂತಿದ್ದು ಪರೀಕ್ಷೆಯ ಫಲಿತಾಂಶದ ಮೇಲೆ. ಅದೇ ಮಾನದಂಡದಲ್ಲಿ ಪರೀಕ್ಷೆ ಮತ್ತು ಪ್ರಮಾಣಪತ್ರಕ್ಕೆಂದು ಒಬ್ಬ ಅಭ್ಯರ್ಥಿಗೆ ಇಟ್ಟ ಮೊತ್ತ 600ರಿಂದ 1,500 ರೂಪಾಯಿ.

ಈ ಲೆಕ್ಕ ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. 30 ಮಂದಿಯ ತಂಡದಲ್ಲಿ 12 ಮಂದಿಗೆ ಕೆಲಸ ಬರುವುದಿಲ್ಲ ಎಂದು ಬರೆದರೆ ಕೇಂದ್ರಕ್ಕೆ ದೊಡ್ಡ ನಷ್ಟ. ಅಭ್ಯರ್ಥಿಗಳಿಗೂ ಬೇಸರ. ಯಾರೂ ನಪಾಸಾಗದಿದ್ದರೆ ಅಂದಿನ ಮಟ್ಟಿಗೆ ಎಲ್ಲರೂ ಖುಷಿ. 'ಬಡ ಮಕ್ಕಳು, ಪಾಸ್ ಮಾಡಿಬಿಡಿ' ಎಂಬ ಮಾತು ಕರುಣೆಯಂತೆ ಕೇಳಿಸುತ್ತದೆ. ಆದರೆ ಅದರ ಬೆಲೆ ತೆರುವವರು ಅದೇ ಮಕ್ಕಳು. ಸರ್ಟಿಫಿಕೇಟ್ ಹಿಡಿದು ಹೋದ ಮೊದಲ ಹತ್ತು ಮಂದಿಗೆ ಕೆಲಸ ಬರದಿದ್ದರೆ, ಹನ್ನೊಂದನೆಯವರಿಗೆ ನಿಜವಾಗಿ ಕೆಲಸ ಬಂದರೂ ಮಾಲೀಕರು ಆ ಕಾಗದವನ್ನು ನೋಡುವುದೇ ಇಲ್ಲ.

ಈ ಎಚ್ಚರಿಕೆ ಹೊಸದಲ್ಲ. ಸೆಕ್ಟರ್ ಸ್ಕಿಲ್ ಕೌನ್ಸಿಲ್‌ಗಳ ಕಾರ್ಯವೈಖರಿ ಪರಿಶೀಲಿಸಲು ನೇಮಕವಾಗಿದ್ದ ಶಾರದಾ ಪ್ರಸಾದ್ ಸಮಿತಿ 2016ರಲ್ಲಿ ಕೊಟ್ಟ ವರದಿಯಲ್ಲಿ ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಎತ್ತಿತ್ತು. ಪರೀಕ್ಷೆ ಸ್ವತಂತ್ರವಾಗಿ ನಡೆಯಬೇಕು ಎಂದು ಒತ್ತಿ ಹೇಳಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ, ಕೌಶಲ್ ವಿಕಾಸ್ ಯೋಜನೆಯಲ್ಲಿ ಫಲಾನುಭವಿಗಳ ಬ್ಯಾಂಕ್ ವಿವರಗಳಲ್ಲಿನ ಲೋಪಗಳನ್ನೂ, ಒಂದೇ ಫೋಟೊ ಹಲವರ ಹೆಸರಿನಲ್ಲಿ ಬಳಕೆಯಾದದ್ದನ್ನೂ ಪಟ್ಟಿ ಮಾಡಿತು. ಸ್ಥಳದ ಫೋಟೊ, ಆಧಾರ್ ಹಾಜರಿ, ವಿಡಿಯೊ ಎಂಬ ಕಟ್ಟುನಿಟ್ಟುಗಳ ಅಗತ್ಯ ಇಂಥ ಲೋಪಗಳಿಂದಲೇ ಅರ್ಥವಾಗುತ್ತದೆ. ಆದರೆ ಕ್ಯಾಮೆರಾ ತೋರಿಸುವುದು ಪರೀಕ್ಷೆ ನಡೆಯಿತು ಎಂಬುದನ್ನು ಮಾತ್ರ. ಸರಿಯಾಗಿ ನಡೆಯಿತೇ ಎಂಬುದು ಅಸೆಸರ್‌ಗೇ ಗೊತ್ತು.

ಬೇರೆ ದೇಶಗಳಲ್ಲಿ ಹೇಗೆ?

ಬ್ರಿಟನ್‌ನಲ್ಲಿ 1986ರಲ್ಲಿ ಬಂದ ರಾಷ್ಟ್ರೀಯ ವೃತ್ತಿ ಅರ್ಹತೆ ಪದ್ಧತಿಯಲ್ಲಿ ಅಸೆಸರ್ ಕೆಲಸದ ಜಾಗಕ್ಕೇ ಹೋಗಿ, ಒಂದು ದಿನವಲ್ಲ, ಹಲವು ತಿಂಗಳ ಅವಧಿಯಲ್ಲಿ ಅಭ್ಯರ್ಥಿಯನ್ನು ನೋಡುತ್ತಾರೆ. ಅಸೆಸರ್ ಕೊಟ್ಟ ತೀರ್ಪುಗಳಲ್ಲಿ ಕೆಲವನ್ನು ಆಯ್ದು ಮರುಪರಿಶೀಲಿಸಲು ಇನ್ನೊಬ್ಬರು ಇರುತ್ತಾರೆ. ಆಸ್ಟ್ರೇಲಿಯಾದಲ್ಲಿ ತರಬೇತಿ ಮತ್ತು ಮೌಲ್ಯಮಾಪನಕ್ಕೆಂದೇ ಪ್ರತ್ಯೇಕ ಸರ್ಟಿಫಿಕೇಟ್ ಕೋರ್ಸ್ ಇದೆ.

ಕೇರಳ ಮತ್ತು ಕರಾವಳಿ ಕರ್ನಾಟಕಕ್ಕೆ ಹೆಚ್ಚು ಹತ್ತಿರದ ಬದಲಾವಣೆ ಸೌದಿ ಅರೇಬಿಯಾದ್ದು. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದ ಕೆಲಸಗಳಿಗೆ ಹೋಗುವವರ ಕೌಶಲ್ಯವನ್ನು ವೀಸಾಕ್ಕೂ ಮುನ್ನ ಭಾರತದಲ್ಲೇ ಪರೀಕ್ಷಿಸುವ ವ್ಯವಸ್ಥೆಯನ್ನು ಅದು ತಂದಿದೆ. ಹಿಂದೆ ಏಜೆಂಟರ ಮಾತು ಸಾಕಿತ್ತು, ಈಗ ಕೈ ಮಾತಾಡಬೇಕು. ಇಲ್ಲಿನ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾದವರು ಅಲ್ಲಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಆದಾಯ, ಓಡಾಟ ಹೇಗೆ?

ಅಸೆಸರ್‌ಗಳಲ್ಲಿ ಹೆಚ್ಚಿನವರು ಸಂಬಳದ ನೌಕರರಲ್ಲ. ಏಜೆನ್ಸಿ ಕರೆದಾಗ ಹೋಗುವುದು, ದಿನಕ್ಕೆ ಅಥವಾ ತಂಡಕ್ಕೆ ಇಷ್ಟು ಎಂದು ಹಣ ಪಡೆಯುವುದು ರೂಢಿ. ಕೆಲವು ತಿಂಗಳು ಕೆಲಸ ಒಟ್ಟೊಟ್ಟಿಗೆ ಬರುತ್ತದೆ, ಕೆಲವು ತಿಂಗಳು ಇರುವುದೇ ಇಲ್ಲ. ಇವತ್ತು ಕೊಚ್ಚಿ, ನಾಳೆ ತಿರುವನಂತಪುರ, ನಾಡಿದ್ದು ಕಾಸರಗೋಡು ಎಂದು ರೈಲಿನಲ್ಲೇ ದಿನ ಕಳೆಯಬೇಕಾಗಬಹುದು. ಪ್ರಯಾಣದ ಖರ್ಚು ಯಾರದು, ಹಣ ಯಾವಾಗ ಕೈಸೇರುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಇದನ್ನೇ ನಂಬಿ ಇರುವ ಕೆಲಸ ಬಿಡುವುದಕ್ಕಿಂತ, ಉದ್ಯಮದಲ್ಲಿ ಇದ್ದುಕೊಂಡೇ ಜತೆಗೆ ಮಾಡುವುದು ಜಾಣತನ. ಅದರಿಂದ ಇನ್ನೊಂದು ಲಾಭವೂ ಇದೆ. ಹೊಸ ಯಂತ್ರ, ಹೊಸ ವಿಧಾನ ಏನು ಬಂದಿದೆ ಎಂದು ಗೊತ್ತಿರುತ್ತದೆ. ನಿವೃತ್ತರಾದ ಐಟಿಐ ಶಿಕ್ಷಕರು, ಹೋಟೆಲ್ ಮ್ಯಾನೇಜರ್‌ಗಳು, ಕಾರ್ಖಾನೆಯ ಸೂಪರ್‌ವೈಸರ್‌ಗಳಿಗೂ ಇದು ಹೊಂದುವ ಕೆಲಸ. ಕರ್ನಾಟಕದಲ್ಲಿ ಆಸಕ್ತಿ ಇರುವವರು ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಕೌಶಲ್ಕರ್ ಪೋರ್ಟಲ್‌ನಲ್ಲಿ ಮಾಹಿತಿ ನೋಡಬಹುದು.

ಪರೀಕ್ಷೆಗೆ ಕೂರುವವರು ತಿಳಿದಿರಬೇಕಾದದ್ದು

- ಯಾವ ಕ್ರಿಯೆಗೆ ಎಷ್ಟು ಅಂಕ ಎಂಬ ಪಟ್ಟಿ ಗುಟ್ಟಿನದಲ್ಲ. ಪರೀಕ್ಷೆಗೂ ಮುನ್ನ ತರಬೇತಿ ಕೇಂದ್ರದಲ್ಲಿ ಕೇಳಿ ನೋಡಿ.
- ನಿಮಗೆ ಅರ್ಥವಾಗುವ ಭಾಷೆಯಲ್ಲಿ ಪ್ರಶ್ನೆ ಕೇಳುವಂತೆ ಮೊದಲೇ ಹೇಳಿ.
- ಪರೀಕ್ಷೆಗೆಂದು ಅಸೆಸರ್ ಕೈಗೆ ಹಣ ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ಏಜೆನ್ಸಿಗೆ ಮತ್ತು ಅವಾರ್ಡಿಂಗ್ ಬಾಡಿಗೆ ದೂರು ಕೊಡಿ.
- ಪಾಸಾಗದಿದ್ದರೆ ಮರುಪರೀಕ್ಷೆಯ ಅವಕಾಶ ಯಾವಾಗ ಎಂದು ವಿಚಾರಿಸಿ. ಯಾವ ಭಾಗದಲ್ಲಿ ಅಂಕ ಕಡಿಮೆಯಾಯಿತು ಎಂದು ಕೇಳಿ ತಿಳಿದುಕೊಳ್ಳಿ.
- ಪ್ರಮಾಣಪತ್ರದ ಮೇಲೆ ಎನ್‌ಎಸ್‌ಕ್ಯೂಎಫ್ ಹಂತ ಮತ್ತು ಅವಾರ್ಡಿಂಗ್ ಬಾಡಿಯ ಹೆಸರು ಇದೆಯೇ ನೋಡಿಕೊಳ್ಳಿ.

ಕೌಶಲ್ಯ ಪರೀಕ್ಷೆಯ ಭಾಷೆಯಲ್ಲಿ ಒಳ್ಳೆಯ ಅಸೆಸರ್‌ಗಳು 'ನಪಾಸು' ಎಂಬ ಪದವನ್ನೇ ಬಳಸಬಾರದು, 'ಇನ್ನೂ ಸಿದ್ಧರಾಗಿಲ್ಲ' ಎನ್ನಬೇಕು ಎಂಬ ಮಾತಿದೆ. ಎರಡೂ ಒಂದೇ ಎಂದು ಅನ್ನಿಸಬಹುದು. ಆದರೆ ಒಂದು ಬಾಗಿಲು ಹಾಕುತ್ತದೆ, ಇನ್ನೊಂದು ಮತ್ತೆ ಬನ್ನಿ ಎನ್ನುತ್ತದೆ. ಸಿದ್ಧರಾಗದವರಿಗೆ 'ಇನ್ನೂ ಇಲ್ಲ' ಎಂದು ಧೈರ್ಯವಾಗಿ ಹೇಳುವ ಅಸೆಸರ್ ಇದ್ದರೆ ಮಾತ್ರ, ಸಿದ್ಧರಾದವರಿಗೆ ಸಿಕ್ಕ ಕಾಗದವನ್ನು ಊರು ನಂಬುತ್ತದೆ.